ಹಳತಾದ ಥೀಮ್ ಪಾರ್ಕ್ ರೈಡ್‌ಗಳ ನವೀಕರಣದ ಖರ್ಚು ಯಾರು ಹೊರಬೇಕು: ಪಾರ್ಕೋ, ಪ್ರಾಯೋಜಕರೋ, ನೋಡಲು ಬರುವವರೋ?

ಪಾರ್ಕಿನ ಮಾಲೀಕರೇ ಹೊರಬೇಕು. ಪ್ರಾಯೋಜಕರ ಹಣ ಬಂದರೆ ಬರಲಿ, ಆದರೆ ಅದನ್ನೇ ನಂಬಿ ಕೂರುವಂತಿಲ್ಲ.

ಫ್ಲೋರಿಡಾದ ಎಪ್ಕಾಟ್ ಥೀಮ್ ಪಾರ್ಕ್ ನೋಡಿ. 1982ರಲ್ಲಿ ಡಿಸ್ನಿ ಅದನ್ನು ತೆರೆದಾಗ ಅಲ್ಲಿನ ಹಲವು ಪೆವಿಲಿಯನ್‌ಗಳಿಗೆ, ಅಂದರೆ ಒಂದೊಂದು ವಿಷಯದ ಪ್ರದರ್ಶನ ಕಟ್ಟಡಗಳಿಗೆ, ದೊಡ್ಡ ಕಂಪನಿಗಳ ಹಣವಿತ್ತು. ಕಂಪನಿಗೆ ಪ್ರಚಾರ, ಪಾರ್ಕಿಗೆ ಬಂಡವಾಳ. ತೊಂದರೆ ಶುರುವಾದದ್ದು ಒಪ್ಪಂದಗಳು ಮುಗಿದಾಗ. ಮುಂದಿನ ಕಾಲದ ಬದುಕು ಹೇಗಿರಬಹುದೆಂದು ತೋರಿಸುತ್ತಿದ್ದ ಹೊರೈಜನ್ಸ್ 1983ರಲ್ಲಿ ಆರಂಭವಾಯಿತು. 1993ರಲ್ಲಿ ಜನರಲ್ ಎಲೆಕ್ಟ್ರಿಕ್ ಪ್ರಾಯೋಜಕತ್ವ ಬಿಟ್ಟಿತು, 1999ರಲ್ಲಿ ರೈಡ್ ಶಾಶ್ವತವಾಗಿ ಮುಚ್ಚಿತು. ಅಷ್ಟು ಸೊಗಸಾದ ಕೆಲಸ ಹಾಗೆ ಕೊನೆಯಾದದ್ದು ನನಗೆ ಇಂದಿಗೂ ಬೇಸರದ ಸಂಗತಿ. ಭವಿಷ್ಯ ತೋರಿಸುವ ರೈಡ್‌ಗಳೇ ಎಲ್ಲಕ್ಕಿಂತ ಬೇಗ ಹಳತಾಗುತ್ತವೆ. ಅವುಗಳಿಗೆ ಮೊದಲ ದಿನದಿಂದಲೇ ನವೀಕರಣದ ಹಣ ತೆಗೆದಿಡಬೇಕು. ಅದೇ ಎಪ್ಕಾಟ್‌ನ ಕಾರು ರೈಡ್ ಟೆಸ್ಟ್ ಟ್ರ್ಯಾಕ್‌ಗೆ ಜನರಲ್ ಮೋಟಾರ್ಸ್ ಬೆಂಬಲ ಮುಂದುವರಿಯಿತು, 2012ರಲ್ಲಿ ಅದು ಹೊಸ ರೂಪ ಪಡೆಯಿತು.

ಟೋಕಿಯೊ ಡಿಸ್ನಿಲ್ಯಾಂಡ್‌ನ ವ್ಯವಸ್ಥೆ ಬೇರೆ. ಮಾಲೀಕತ್ವ ಓರಿಯೆಂಟಲ್ ಲ್ಯಾಂಡ್ ಕಂಪನಿಯದು. ಅದು ಡಿಸ್ನಿಗೆ ರಾಯಧನ ಕೊಡುತ್ತದೆ, ಪಾರ್ಕಿನ ಬಂಡವಾಳವನ್ನೂ ತಾನೇ ಹೂಡುತ್ತದೆ. ಲಾಭ ಎಣಿಸುವವರೇ ಖರ್ಚನ್ನೂ ಹೊರುವ ಈ ಕ್ರಮ ನನಗೆ ಹೆಚ್ಚು ನ್ಯಾಯವೆನಿಸುತ್ತದೆ.

ನೋಡಲು ಬರುವವರ ಮಾತಿಗೆ ಬಂದರೆ, ಅವರು ಟಿಕೆಟ್‌ನಲ್ಲೇ ನಿರ್ವಹಣೆಯ ಪಾಲು ಕೊಟ್ಟಾಗಿದೆ. ಅರ್ಧ ಕೆಟ್ಟ ರೈಡ್‌ಗೆ ಪೂರ್ತಿ ದರ ತೆತ್ತವರಿಂದ ದುರಸ್ತಿಗೆಂದು ಮತ್ತೆ ಹಣ ಕೇಳುವುದು ಅನ್ಯಾಯ.