ಬಿಸಿಲನ್ನು ಅಳೆದು ಕಟ್ಟಿದ ಊರು

ಓದುಗರ ಪತ್ರದ ಸಾರ: "ಕಳೆದ ಸಂಚಿಕೆಯ ಚಂಡೀಗಢದ ಲೇಖನದಲ್ಲಿ ಆ ನಗರದ ವಾಸ್ತುಶಿಲ್ಪಿ ಲ ಕಾರ್ಬುಸಿಯೆ ಹುಟ್ಟಿದ ಸ್ವಿಟ್ಜರ್ಲೆಂಡಿನ ಊರಿನ ಚಿತ್ರ ನೋಡಿದೆ. ಬೆಟ್ಟದ ಮೇಲೆ ಬ್ಯಾರಕ್‌ಗಳಂತೆ ಸಾಲುಮನೆಗಳು. ಯುನೆಸ್ಕೊ ಪಟ್ಟಿಗೆ ಸೇರಿಸುವಂಥದ್ದು ಅದರಲ್ಲಿ ಏನಿದೆ? ವಾಚು ಮಾಡುವ ಕಸುಬು ಊರಿಗೆ ರೂಪ ಕೊಟ್ಟಿತು ಎನ್ನುವುದು ಉತ್ಪ್ರೇಕ್ಷೆಯಲ್ಲವೇ? ನನ್ನ ತಂದೆ ಎಚ್‌ಎಂಟಿಯ ವಾಚ್ ಕಾರ್ಖಾನೆಯಲ್ಲಿ ದುಡಿದವರು. ನಾವು ಬೆಳೆದ ಕಾಲನಿಯಲ್ಲೂ ರಸ್ತೆಗಳು ನೇರವಾಗಿದ್ದವು. ಅದನ್ನು ಯಾರೂ ಪರಂಪರೆ ಎಂದು ಕರೆಯಲಿಲ್ಲ."

ಮಾನ್ಯರೇ,

ಆಕಾಶದಿಂದ ತೆಗೆದ ಚಿತ್ರದಲ್ಲಿ ಆ ಊರು, ಲಾ ಶೋ ದ ಫೋಂ, ಬ್ಯಾರಕ್ಕಿನ ಹಾಗೆ ಕಾಣುವುದು ನಿಜ. ಅದೇ ಊರನ್ನು ಕಿಟಕಿಯೊಂದರ ಒಳಗಿನಿಂದ ನೋಡಿದರೆ ಲೆಕ್ಕವೇ ಬೇರೆಯಾಗುತ್ತದೆ. ಆ ಸಾಲುಗಳ ನಡುವಿನ ಅಂತರವನ್ನು ನಿರ್ಧರಿಸಿದ್ದು ಬಿಸಿಲು. ಬಿಸಿಲು ಬೇಕಾಗಿದ್ದು ವಾಚು ಕೆಲಸದವರ ಮೇಜಿಗೆ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ನಿಮಗೆ ಒಪ್ಪಿಗೆಯಾಗಲಿಕ್ಕಿಲ್ಲ, ಆದ್ದರಿಂದ ವಿವರವಾಗಿ ಬರೆಯುತ್ತೇನೆ.

ಫ್ರಾನ್ಸ್ ಗಡಿಗೆ ಅಂಟಿಕೊಂಡ ಜುರಾ ಬೆಟ್ಟಗಳಲ್ಲಿ, ಸಮುದ್ರಮಟ್ಟದಿಂದ ಸುಮಾರು 1000 ಮೀಟರ್ ಎತ್ತರದಲ್ಲಿದೆ ಈ ಊರು. ಪಕ್ಕದ ಕಣಿವೆಯಲ್ಲಿ ಅದರ ಜೋಡಿ ಊರು ಲ ಲೋಕ್ಲ್. ಎರಡನ್ನೂ ಸೇರಿಸಿಯೇ 2009ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ತೆಗೆದುಕೊಂಡಿತು. ಊರು ಬೆಳೆಯಲು ಬೇಕಾದ ಯಾವುದೂ ಅಲ್ಲಿರಲಿಲ್ಲ. ಸುಣ್ಣಕಲ್ಲಿನ ನೆಲವಾದ್ದರಿಂದ ಬಿದ್ದ ಮಳೆಯೆಲ್ಲ ಕಲ್ಲಿನ ಬಿರುಕುಗಳಲ್ಲಿ ಇಂಗಿಹೋಗುತ್ತದೆ. ಲ ಲೋಕ್ಲ್ ಬಳಿ ಹಳ್ಳವೇ ಬಂಡೆಯೊಳಗೆ ಇಳಿದು ಮಾಯವಾಗುತ್ತಿತ್ತು. ಅಲ್ಲಿನವರು ಹದಿನೇಳನೆಯ ಶತಮಾನದಲ್ಲೇ ಗುಹೆಯೊಳಗೆ ಚಕ್ರಗಳನ್ನು ಕೂರಿಸಿ, ಬೀಳುವ ನೀರಿನಿಂದ ಹಿಟ್ಟು ಬೀಸಿಕೊಂಡರು. ಆ ಭೂಗತ ಗಿರಣಿಯನ್ನು ಇಂದಿಗೂ ನೋಡಬಹುದು. ತಿಂಗಳುಗಟ್ಟಲೆ ಹಿಮ, ಅಲ್ಪಕಾಲದ ಬೇಸಿಗೆ, ದನ ಮೇಯಿಸುವುದನ್ನು ಬಿಟ್ಟರೆ ಹೆಚ್ಚೇನೂ ಬೇಸಾಯವಿಲ್ಲ. ಚಳಿಗಾಲವಿಡೀ ಮನೆಯೊಳಗೇ ಇರಬೇಕಾದ ರೈತ ಕುಟುಂಬಗಳು ಲೇಸು ಹೆಣೆಯುತ್ತಿದ್ದವು, ಕಬ್ಬಿಣದ ಸಣ್ಣಪುಟ್ಟ ಕೆಲಸ ಮಾಡುತ್ತಿದ್ದವು.

ವಾಚು ಇಂಥ ಜಾಗಕ್ಕೆ ಹೇಳಿಮಾಡಿಸಿದ ವಸ್ತು. ಅದಕ್ಕೆ ಹಿಡಿಯಷ್ಟು ಲೋಹ ಸಾಕು, ನದಿ ಬೇಡ, ಕಲ್ಲಿದ್ದಲು ಬೇಡ. ಬೆಲೆ ಹೆಚ್ಚು, ತೂಕ ಕಡಿಮೆ. ಒಂದು ಚಳಿಗಾಲದ ದುಡಿಮೆಯನ್ನು ಬೆನ್ನ ಮೇಲೆ ಹೊತ್ತು ಹಿಮದಲ್ಲಿ ಬೆಟ್ಟ ಇಳಿಯಬಹುದು. ಕುದುರೆ ವ್ಯಾಪಾರಿಯೊಬ್ಬನ ಕೆಟ್ಟುಹೋದ ಇಂಗ್ಲಿಷ್ ಗಡಿಯಾರವನ್ನು ರಿಪೇರಿ ಮಾಡಿ, ಅದನ್ನೇ ನೋಡಿ ಇನ್ನೊಂದನ್ನು ಮಾಡಿದ ದಾನಿಯೆಲ್ ಜಾನ್‌ರಿಶಾರ್ ಎಂಬ ಹುಡುಗನಿಂದ ಈ ಕಸುಬು ಶುರುವಾಯಿತೆಂದು ಆ ಸೀಮೆಯ ಐತಿಹ್ಯ. ಜಾನ್‌ರಿಶಾರ್ ಐತಿಹಾಸಿಕ ವ್ಯಕ್ತಿ. ಲ ಲೋಕ್ಲ್‌ನಲ್ಲಿ ನೆಲೆಸಿ, ಹಲವರಿಗೆ ಕಸುಬು ಕಲಿಸಿ, 1741ರಲ್ಲಿ ತೀರಿಕೊಂಡವರು. ಊರಿನಲ್ಲಿ ಅವರ ಪ್ರತಿಮೆಯಿದೆ. ಆದರೆ ಒಬ್ಬ ಜಾಣ ಹುಡುಗನಿಂದ ಒಂದು ಸೀಮೆ ಬದಲಾಗುವುದಿಲ್ಲ. ಜಿನೀವಾದಲ್ಲಿ ಯಾರು ವಾಚು ಮಾಡಬಹುದು, ಯಾರು ಮಾಡಬಾರದು ಎಂಬುದನ್ನು ಕಸುಬುದಾರರ ಸಂಘಗಳು ಬಿಗಿಯಾಗಿ ಹಿಡಿದಿದ್ದವು. ಬೆಟ್ಟದ ಮೇಲೆ ಅಂಥ ಕಟ್ಟುಪಾಡು ಇರಲಿಲ್ಲ. ಕೈಯಲ್ಲಿ ಕಸುಬಿದ್ದವರಿಗೆಲ್ಲ ಅಲ್ಲಿ ಬಾಗಿಲು ತೆರೆದಿತ್ತು. ಇದೇ ಮುಖ್ಯ ಕಾರಣವೆಂದು ನಾನು ನಂಬುತ್ತೇನೆ.

ಈಗ ನಕ್ಷೆಯ ಮಾತಿಗೆ ಬರುತ್ತೇನೆ. 1794ರ ಮೇ 5ರಂದು ಲಾ ಶೋ ದ ಫೋಂನ ಬಹುಭಾಗ ಬೆಂಕಿಗೆ ಆಹುತಿಯಾಯಿತು. ಮರುನಿರ್ಮಾಣಕ್ಕೆ ನಕ್ಷೆ ಬರೆದವರು ಮೊಯಿಸ್ ಪೆರೆ ಜಾಂಟಿ. ಅವರು ಕೆತ್ತನೆಗಾರರು, ಅಂದರೆ ಲೋಹದ ಮೇಲೆ ಗೆರೆ ಎಳೆಯುವುದೇ ಅವರ ಕೆಲಸ. ಬೆಂಕಿ ಮನೆಯಿಂದ ಮನೆಗೆ ಹಬ್ಬದಂತೆ ಅಗಲ ರಸ್ತೆಗಳು, ಬಿಡಿಬಿಡಿಯಾದ ಕಟ್ಟಡಗಳು ಬಂದವು. ಮುಂದೆ ಊರು ಬೆಳೆಯುವ ವೇಗ ನೋಡಿ, 1835ರ ಸುಮಾರಿಗೆ ಎಂಜಿನಿಯರ್ ಶಾರ್ಲ್ ಆನ್ರಿ ಜುನೋ ವಿಸ್ತರಣೆಯ ನಕ್ಷೆ ಸಿದ್ಧಪಡಿಸಿದರು. ಇವತ್ತು ಚಿತ್ರದಲ್ಲಿ ಕಾಣುವ ಉದ್ದ ಸಾಲುಗಳು ಅವರ ನಕ್ಷೆಯವು. ರಸ್ತೆಗಳು ಕಣಿವೆಯ ಉದ್ದಕ್ಕೇ ಸಮಾನಾಂತರವಾಗಿ ಸಾಗುತ್ತವೆ. ಪ್ರತಿ ಸಾಲಿನ ಮುಂದೆ, ಬಿಸಿಲು ಬರುವ ಕಡೆಗೆ, ತೋಟಕ್ಕೆಂದು ಜಾಗ. ಅದರ ಮುಂದೆ ರಸ್ತೆ. ಆಚೆಗೆ ಮುಂದಿನ ಸಾಲು.

ಆ ತೋಟದ ಜಾಗವನ್ನು ಯಾರೂ ಅಂದಕ್ಕಾಗಿ ಬಿಟ್ಟದ್ದಲ್ಲ. ಬೆಂಗಳೂರಿನಲ್ಲಿ ಡಿಸೆಂಬರ್ ತಿಂಗಳ ನಡುಮಧ್ಯಾಹ್ನವೂ ಸೂರ್ಯ ದಿಗಂತದಿಂದ ಐವತ್ತು ಡಿಗ್ರಿಗಿಂತ ಮೇಲಿರುತ್ತಾನೆ. ಹತ್ತು ಮೀಟರ್ ಎತ್ತರದ ಕಟ್ಟಡದ ನೆರಳು ಏಳೆಂಟು ಮೀಟರಿಗೆ ಮುಗಿಯುತ್ತದೆ. ಜುರಾ ಬೆಟ್ಟದಲ್ಲಿ ಅದೇ ಹೊತ್ತಿಗೆ ಸೂರ್ಯ ಇಪ್ಪತ್ತು ಡಿಗ್ರಿಯನ್ನೂ ಮುಟ್ಟುವುದಿಲ್ಲ. ಸಮತಟ್ಟಾದ ನೆಲದಲ್ಲಿ ಅದೇ ಕಟ್ಟಡದ ನೆರಳು ಸುಮಾರು 28 ಮೀಟರ್ ಚಾಚುತ್ತದೆ. ಸಾಲುಗಳನ್ನು ಹತ್ತಿರ ಹತ್ತಿರ ಕಟ್ಟಿದ್ದರೆ, ದುಡಿಮೆ ಹೆಚ್ಚಾಗಿ ನಡೆಯುವ ಚಳಿಗಾಲದಲ್ಲೇ ಮುಂದಿನ ಮನೆಯ ನೆರಳು ಹಿಂದಿನ ಮನೆಯ ಮೇಜಿನ ಮೇಲೆ ಬೀಳುತ್ತಿತ್ತು. ದಕ್ಷಿಣಕ್ಕೆ ಮುಖಮಾಡಿದ ಇಳಿಜಾರಿನಲ್ಲಿ ಒಂದರ ಹಿಂದೆ ಒಂದು ಮೇಲೇರುತ್ತ ಹೋದರೆ ನೆರಳು ಮೊಟಕಾಗುತ್ತದೆ, ನಡುವೆ ತೋಟ ಬಿಟ್ಟರೆ ಉಳಿದ ನೆರಳು ತೋಟದಲ್ಲೇ ಮುಗಿಯುತ್ತದೆ. ನೇರ ರಸ್ತೆಯಿಂದ ಹಿಮ ತೆಗೆಯುವುದೂ ಸುಲಭ. ಬ್ಯಾರಕ್ಕಿನ ಸಾಲು ಕಾವಲುಗಾರನ ಕಣ್ಣಿಗಾಗಿ ಹುಟ್ಟಿದ್ದು. ಈ ಸಾಲು ಹುಟ್ಟಿದ್ದು ಒಳಗೆ ಕುಳಿತವರ ಕಣ್ಣಿಗಾಗಿ.

ಒಳಗೆ ಕುಳಿತವರು ಏನು ಮಾಡುತ್ತಿದ್ದರು? ಹೆಚ್ಚಾಗಿ ಹೆಂಗಸರೇ ಮಾಡುತ್ತಿದ್ದ ಒಂದು ಕೆಲಸವನ್ನು ಹೇಳುತ್ತೇನೆ. ವಾಚಿನ ಎದೆಯಲ್ಲಿ ಅತ್ತಿತ್ತ ತೂಗುವ ಪುಟ್ಟ ಚಕ್ರವೊಂದಿದೆ. ಅದಕ್ಕೆ ಕೂದಲಿಗಿಂತ ತೆಳ್ಳಗಿನ ಸುರುಳಿ ಸ್ಪ್ರಿಂಗ್ ಜೋಡಿಸಬೇಕು. ಆ ಚಕ್ರ ಗಂಟೆಗೆ 18,000 ಸಲ, ಅಂದರೆ ಸೆಕೆಂಡಿಗೆ ಐದು ಸಲ, ತೂಗಿದರೆ ವಾಚು ಸರಿಯಾದ ವೇಳೆ ತೋರಿಸುತ್ತದೆ. ಸ್ಪ್ರಿಂಗ್ ಒಂದಿಷ್ಟು ಉದ್ದವಾದರೆ ವಾಚು ಹಿಂದೆ ಬೀಳುತ್ತದೆ, ಗಿಡ್ಡವಾದರೆ ಮುಂದೆ ಓಡುತ್ತದೆ. ಆಕೆ ಚಿಮಟದ ತುದಿಯಲ್ಲಿ ಸ್ಪ್ರಿಂಗನ್ನು ಹಿಡಿದು, ಕೆಳಗೆ ಚಕ್ರವನ್ನು ತೂಗಲು ಬಿಟ್ಟು, ಪಕ್ಕದಲ್ಲಿ ತೂಗುತ್ತಿರುವ ಅಳತೆಯ ಚಕ್ರದೊಂದಿಗೆ ಹೋಲಿಸುತ್ತಾಳೆ. ಎರಡೂ ಒಂದೇ ತಾಳಕ್ಕೆ ಬರುವವರೆಗೆ ಹಿಡಿತವನ್ನು ಎಳೆಯಷ್ಟು ಆಚೆಗೆ, ಎಳೆಯಷ್ಟು ಈಚೆಗೆ ಸರಿಸುತ್ತಾಳೆ. ತಾಳ ಕೂಡಿದ ಬಿಂದುವಿನಲ್ಲಿ ಕತ್ತರಿಸಿ ಕೂರಿಸುತ್ತಾಳೆ. ಮೇಜು ಎದೆಯ ಮಟ್ಟಕ್ಕಿರುತ್ತದೆ, ಕೆಲಸ ಕಣ್ಣಿಗೆ ಹತ್ತಿರವಾಗಲೆಂದು. ವಿದ್ಯುತ್ ದೀಪವಿಲ್ಲದ ಕಾಲದಲ್ಲಿ ಇದನ್ನು ಮಾಡಲು ಎಂಥ ಕಿಟಕಿ ಬೇಕು ಎಂದು ನೀವೇ ಯೋಚಿಸಿ.

ಒಂದು ಮನೆಯಲ್ಲಿ ಡಯಲ್‌ಗೆ ಎನಾಮೆಲ್ ಬಳಿಯುತ್ತಿದ್ದರು, ಇನ್ನೊಂದರಲ್ಲಿ ಮುಳ್ಳು ಮಾಡುತ್ತಿದ್ದರು, ಮೂರನೆಯದರಲ್ಲಿ ಕವಚಕ್ಕೆ ಕೆತ್ತನೆ ಹಾಕುತ್ತಿದ್ದರು. ವರ್ತಕನೊಬ್ಬ ಬಿಡಿಭಾಗಗಳನ್ನು ಮನೆಮನೆಗೆ ಹಂಚಿ, ಮುಗಿದ ಕೆಲಸವನ್ನು ಒಟ್ಟುಮಾಡಿ, ಜೋಡಿಸಿ ಮಾರುತ್ತಿದ್ದ. ಒಂದು ವಾಚು ಪೂರ್ತಿಯಾಗುವ ಮೊದಲು ಎಷ್ಟೋ ಮನೆಗಳ ಮೆಟ್ಟಿಲು ಹತ್ತಿ ಇಳಿದಿರುತ್ತಿತ್ತು. ಕಾರ್ಲ್ ಮಾರ್ಕ್ಸ್ 1867ರಲ್ಲಿ ಪ್ರಕಟವಾದ ತಮ್ಮ 'ಬಂಡವಾಳ'ದಲ್ಲಿ ಲಾ ಶೋ ದ ಫೋಂ ಅನ್ನು ಇಡಿಯಾಗಿ ಒಂದೇ ವಾಚು ತಯಾರಿಕಾ ಸ್ಥಳವೆಂದು ಬಣ್ಣಿಸಿದ್ದು ಈ ಕಾರಣಕ್ಕೆ. ನೀವು ಉತ್ಪ್ರೇಕ್ಷೆಯೇ ಎಂದು ಕೇಳಿದಿರಿ. ಕಾರ್ಖಾನೆಯೊಳಗೆ ಒಂದು ವಿಭಾಗದಿಂದ ಇನ್ನೊಂದಕ್ಕೆ ಹೋಗುವ ದಾರಿ ಹೇಗೋ, ಅಲ್ಲಿ ಬೀದಿ ಹಾಗೆ.

ಊರಿನ ಬದುಕೂ ಇದೇ ಎರಕದಲ್ಲಿ ರೂಪುಗೊಂಡಿತು. ಮಾಡಿದ ವಾಚು ಸರಿಯಾಗಿದೆಯೇ ಎಂದು ನೋಡಲು ನಿಖರ ವೇಳೆ ಬೇಕಲ್ಲ, ಅದಕ್ಕಾಗಿ 1858ರಲ್ಲಿ ಆ ಸೀಮೆಯ ರಾಜಧಾನಿ ನ್ಯೂಶಾಟೆಲ್‌ನಲ್ಲಿ ಖಗೋಳ ವೀಕ್ಷಣಾಲಯವೊಂದು ಹುಟ್ಟಿತು. ನಕ್ಷತ್ರ ನೋಡಿ ನಿಶ್ಚಯಿಸಿದ ವೇಳೆ ತಂತಿಯ ಮೂಲಕ ವಾಚು ಕೆಲಸದವರಿಗೆ ತಲುಪುತ್ತಿತ್ತು. 1865ರಲ್ಲಿ ಲಾ ಶೋ ದ ಫೋಂನಲ್ಲಿ ವಾಚು ಶಾಲೆ, 1870ರಲ್ಲಿ ಕವಚ ಕೆತ್ತುವವರಿಗಾಗಿ ಕಲಾಶಾಲೆ. ಮಳೆನೀರಿನ ತೊಟ್ಟಿಗಳನ್ನೇ ನಂಬಿದ್ದ ಊರಿಗೆ 1887ರಲ್ಲಿ ಎಂಜಿನಿಯರ್ ಗೀಯೋಮ್ ರಿಟರ್ ದೂರದ ಅರೂಜ್ ಕಮರಿಯಿಂದ ನೂರಾರು ಮೀಟರ್ ಮೇಲಕ್ಕೆ ಪಂಪು ಮಾಡಿ ನೀರು ತಂದರು. ಅದರ ಸಂಭ್ರಮಕ್ಕೆ ಕಟ್ಟಿದ ದೊಡ್ಡ ಕಾರಂಜಿ ಮುಖ್ಯ ಬೀದಿಯಲ್ಲಿದೆ.

ರಾಜಕೀಯವನ್ನೂ ಇಲ್ಲಿ ಮರೆಯಬಾರದು. ಈ ಊರುಗಳಿರುವ ನ್ಯೂಶಾಟೆಲ್ ಸೀಮೆ 1848ಕ್ಕೆ ಮುಂಚೆ ಪ್ರಷ್ಯಾ ಎಂಬ ಜರ್ಮನ್ ರಾಜ್ಯದ ದೊರೆಯ ಅಧೀನದಲ್ಲಿತ್ತು. 1848ರ ಮಾರ್ಚ್ 1ರಂದು ವಾಚು ಊರುಗಳ ಗಣರಾಜ್ಯವಾದಿಗಳು ಹಿಮ ತುಳಿದು ಬೆಟ್ಟ ಇಳಿದು ನ್ಯೂಶಾಟೆಲ್ ಕೋಟೆಯನ್ನು ಹಿಡಿದರು. ಸೀಮೆ ಗಣರಾಜ್ಯವಾಯಿತು. 1872ರಲ್ಲಿ ಜುರಾಕ್ಕೆ ಬಂದ ರಷ್ಯಾದ ಚಿಂತಕ ಪೀಟರ್ ಕ್ರೊಪಾಟ್ಕಿನ್, ವಾಚು ಕೆಲಸದವರ ಜೊತೆ ಒಂದು ವಾರ ಕಳೆದ ಮೇಲೆ ತಾನು ಅರಾಜಕತಾವಾದಿ, ಅಂದರೆ ಪ್ರಭುತ್ವವೇ ಬೇಡವೆನ್ನುವವನು, ಆದೆ ಎಂದು ಬರೆದಿದ್ದಾರೆ. ಸಣ್ಣ ಕೋಣೆಯಲ್ಲಿ, ಮೇಲ್ವಿಚಾರಕರಿಲ್ಲದೆ, ಯಂತ್ರದ ಗದ್ದಲವಿಲ್ಲದೆ ನಾಲ್ಕಾರು ಜನ ಕುಳಿತರೆ ಕೈ ದುಡಿಯುತ್ತದೆ, ಬಾಯಿ ಮಾತಾಡುತ್ತದೆ. ಅಲ್ಲಿ ಓದು, ಚರ್ಚೆ, ವಾದ ಬೆಳೆದದ್ದು ಆಶ್ಚರ್ಯವಲ್ಲ.

1876ರ ಫಿಲಡೆಲ್ಫಿಯಾ ಪ್ರದರ್ಶನದಲ್ಲಿ ಅಮೆರಿಕದ ಯಂತ್ರನಿರ್ಮಿತ ವಾಚುಗಳನ್ನು ಕಂಡು ಸ್ವಿಸ್ ಪ್ರತಿನಿಧಿಗಳು ಬೆಚ್ಚಿಬಿದ್ದರು. ಕಾರ್ಖಾನೆಗಳು ಹೆಚ್ಚಿದವು. ನನಗೆ ಅತ್ಯಂತ ಮಹತ್ವದ್ದೆನಿಸುವುದು ಅವು ಎಲ್ಲಿ ಎದ್ದವು ಎಂಬುದು. ಅದೇ ಸಾಲುಗಳಲ್ಲಿ, ಅದೇ ಬೀದಿಗಳಲ್ಲಿ, ಮನೆಗಳ ಪಕ್ಕದಲ್ಲೇ. ಮಾಲೀಕನ ಮನೆ, ಕಾರ್ಮಿಕರ ವಸತಿ, ಕಾರ್ಯಾಗಾರ, ಅಂಗಡಿ ಎಲ್ಲವೂ ಒಂದರ ಮಗ್ಗುಲಲ್ಲಿ ಒಂದು. ಎನಾಮೆಲ್ ಡಯಲ್ ಮಾಡುವ ಕಸುಬುದಾರರ ಮಗನಾಗಿ 1887ರಲ್ಲಿ ಹುಟ್ಟಿ, ಆ ಕಲಾಶಾಲೆಯಲ್ಲೇ ಕೆತ್ತನೆ ಕಲಿತು, ಗುರು ಶಾರ್ಲ್ ಲೆಪ್ಲಾತೆನಿಯೆ ಅವರ ಒತ್ತಾಸೆಯಿಂದ ವಾಸ್ತುಶಿಲ್ಪಕ್ಕೆ ತಿರುಗಿದವರು ಲ ಕಾರ್ಬುಸಿಯೆ. ಚಂಡೀಗಢದ ಚೌಕಗಳು ಈ ಊರಿನ ಸಾಲುಗಳಿಂದ ಬಂದವು ಎಂಬ ಮಾತು ಆಗಾಗ ಕೇಳಿಬರುತ್ತದೆ. ನಾನು ಒಪ್ಪುವುದಿಲ್ಲ. ಚಂಡೀಗಢದಲ್ಲಿ ವಾಸಕ್ಕೊಂದು ಜಾಗ, ಆಡಳಿತಕ್ಕೊಂದು, ಕೈಗಾರಿಕೆಗೊಂದು ಎಂದು ಬೇರೆ ಬೇರೆ ಮಾಡಿಟ್ಟಿದ್ದಾರೆ. ಅವರ ಹುಟ್ಟೂರು ಇವೆಲ್ಲವನ್ನೂ ಒಂದೇ ಬೀದಿಯಲ್ಲಿ ಬೆರೆಸಿತ್ತು. ನೇರ ಗೆರೆ ಎರಡರಲ್ಲೂ ಇದೆ, ಅದರ ಹಿಂದಿನ ವಿಚಾರ ಮಾತ್ರ ಒಂದಕ್ಕೊಂದು ವಿರುದ್ಧ.

ಇಷ್ಟು ಮೆಚ್ಚಿಕೊಂಡ ಮೇಲೆ ಇದನ್ನೂ ಹೇಳಲೇಬೇಕು. ಒಂದೇ ಕಸುಬನ್ನು ನಂಬಿದ ಊರು ಆ ಕಸುಬಿನ ಜೊತೆಗೇ ಬೀಳುತ್ತದೆ. 1970ರ ದಶಕದಲ್ಲಿ ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಜ್ ವಾಚು ಬಂದಾಗ ಸೆಕೆಂಡಿಗೆ ಐದು ಸಲ ತೂಗುವ ಚಕ್ರಕ್ಕೆ ಬೆಲೆಯಿಲ್ಲದಾಯಿತು. ಸ್ವಿಟ್ಜರ್ಲೆಂಡಿನಲ್ಲಿ ಈ ಉದ್ಯಮದಲ್ಲಿದ್ದ ಸುಮಾರು 90,000 ಜನರ ಪೈಕಿ ಎಂಬತ್ತರ ದಶಕದ ಮಧ್ಯಕ್ಕೆ ಉಳಿದವರು ಮೂರನೇ ಒಂದರಷ್ಟು. ಲಾ ಶೋ ದ ಫೋಂನ ಜನಸಂಖ್ಯೆ 1970ರಲ್ಲಿ 42,000 ದಾಟಿತ್ತು, ಮತ್ತೆ ಅಷ್ಟಕ್ಕೆ ಏರಲಿಲ್ಲ. ಲ ಲೋಕ್ಲ್‌ನ ಜೆನಿತ್ ಕಾರ್ಖಾನೆಗೆ ಆಗ ಅಮೆರಿಕದವರು ಮಾಲೀಕರು. ಯಾಂತ್ರಿಕ ವಾಚು ನಿಲ್ಲಿಸಿ, ಸಲಕರಣೆಗಳನ್ನು ಗುಜರಿಗೆ ಹಾಕಿ ಎಂದು ಅಪ್ಪಣೆ ಬಂತು. ಶಾರ್ಲ್ ವೆರ್ಮೊ ಎಂಬ ಕೆಲಸಗಾರರು ಆ ಅಚ್ಚುಗಳನ್ನೂ ಉಪಕರಣಗಳನ್ನೂ ಕಾರ್ಖಾನೆಯ ಅಟ್ಟಕ್ಕೆ ಸಾಗಿಸಿ ಬಚ್ಚಿಟ್ಟರು. ಯಾವುದು ಯಾವುದಕ್ಕೆ ಎಂದು ಟಿಪ್ಪಣಿ ಬರೆದಿಟ್ಟರು. ಎಂಬತ್ತರ ದಶಕದಲ್ಲಿ ಯಾಂತ್ರಿಕ ವಾಚಿಗೆ ಮತ್ತೆ ಬೇಡಿಕೆ ಬಂದಾಗ ಕಾರ್ಖಾನೆ ಆ ಅಟ್ಟದಿಂದಲೇ ಕೆಲಸ ಶುರುಮಾಡಿತು. ಕಸುಬು ಕಂಪನಿಗಿಂತ ದೊಡ್ಡದು ಎಂದು ನಂಬಿದ ಊರಿನಲ್ಲಿ ಇಂಥವರು ಸಿಗುತ್ತಾರೆ.

ಇನ್ನು ನಿಮ್ಮ ಕೊನೆಯ ಮಾತು. 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ವಾಚಿಗೂ ಆ ಬೆಟ್ಟದೂರುಗಳಿಗೂ ದೊಡ್ಡ ವ್ಯತ್ಯಾಸವಿದೆ. ಅಲ್ಲಿ ಕಸುಬು ಮೊದಲು, ಊರು ಆಮೇಲೆ, ಕಾರ್ಖಾನೆ ಕೊನೆಗೆ. ನಮ್ಮಲ್ಲಿ ಕಾರ್ಖಾನೆ ಮೊದಲು, ಕಾಲನಿ ಅದರ ನೆರಳಿನಲ್ಲಿ. ಎಚ್‌ಎಂಟಿ ಕುಮಾವೂಂ ಬೆಟ್ಟದ ಬುಡದ ರಾಣಿಬಾಗ್‌ನಲ್ಲೂ ವಾಚು ಕಾರ್ಖಾನೆ ನಡೆಸಿತು. ಅದು ಬೆಟ್ಟದ ಜನರಿಗೆ ಸಂಬಳ ಕೊಟ್ಟಿತು. ಆದರೆ ಸುತ್ತಲಿನ ಮನೆಗಳಲ್ಲಿ ಡಯಲ್ ಮಾಡುವವರು, ಮುಳ್ಳು ಮಾಡುವವರು ಹುಟ್ಟಿಕೊಳ್ಳಲಿಲ್ಲ. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿದಾಗ ಅಲ್ಲಿ ಕೆಲಸ ಮುಂದುವರಿಸಬಲ್ಲ ಬೇರೊಂದು ಮಳಿಗೆ ಇರಲಿಲ್ಲ.

ಹಾಗೆಂದು ನಿಮ್ಮ ಕಾಲನಿಗೆ ಇತಿಹಾಸವಿಲ್ಲ ಎಂದು ನಾನು ಹೇಳುತ್ತಿಲ್ಲ. ಸ್ವಿಸ್ ಊರುಗಳವರು ನಕ್ಷೆ, ಲೆಕ್ಕಪುಸ್ತಕ, ಮೇಜು, ಚಿಮಟ ಎಲ್ಲವನ್ನೂ ಉಳಿಸಿಕೊಂಡು ವಸ್ತುಸಂಗ್ರಹಾಲಯಗಳನ್ನು ಕಟ್ಟಿದರು. ನಮ್ಮಲ್ಲಿ ವಾಚು ಜೋಡಿಸಿದ ಕೈಗಳವರು ಇನ್ನೂ ನಮ್ಮ ನಡುವೆ ಇದ್ದಾರೆ, ಅವರ ಕೆಲಸದ ವಿವರವನ್ನು ಬರೆದಿಟ್ಟವರು ಕಡಿಮೆ. ನಿಮ್ಮ ತಂದೆಯವರು ಯಾವ ವಿಭಾಗದಲ್ಲಿದ್ದರು, ಮೇಜಿಗೆ ಬೆಳಕು ಎಲ್ಲಿಂದ ಬರುತ್ತಿತ್ತು, ಯಾರಿಂದ ಕಲಿತರು, ಯಾರಿಗೆ ಕಲಿಸಿದರು, ಪಾಳಿ ಮುಗಿದ ಮೇಲೆ ಕಾಲನಿಯಲ್ಲಿ ಸಂಜೆ ಹೇಗಿರುತ್ತಿತ್ತು ಎಂಬುದನ್ನು ವಿವರವಾಗಿ ಬರೆದು ಕಳುಹಿಸಿ. ಎಷ್ಟು ಪುಟವಾದರೂ ಮುದ್ರಿಸುತ್ತೇವೆ.

- ಸಂಪಾದಕ