ನೀರಿಲ್ಲದ ಹೊಳೆಯಲ್ಲಿ ನೂರೈದು ಕಿಲೋಮೀಟರ್

ಓದುಗರ ಪತ್ರ: ಜಿಮ್ಮಿನ ರೋಯಿಂಗ್ ಯಂತ್ರದ ಮೇಲೆ ಒಂದೇ ದಿನ 105 ಕಿ.ಮೀ. ಹುಟ್ಟು ಹಾಕಬೇಕೆಂದಿದ್ದೇನೆ. ನಮ್ಮ ಚಂದ್ರಗಿರಿ ಹೊಳೆಯ ಉದ್ದ ಅಷ್ಟು. ಬಂದ ಹಣ ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರಿಗೆ. ಗಲ್ಫಿನಲ್ಲಿರುವ ಗೆಳೆಯರೂ ಕೊಡುತ್ತೇವೆ ಎಂದಿದ್ದಾರೆ. ದೊಡ್ಡಪ್ಪ ಮಾತ್ರ, “ನೀರಿಲ್ಲದಲ್ಲಿ ಹುಟ್ಟು ಹಾಕಿ ಯಾರನ್ನು ದಾಟಿಸುತ್ತೀಯಾ? ಯಂತ್ರದ ಬಾಡಿಗೆಯನ್ನೇ ಅವರಿಗೆ ಕೊಟ್ಟುಬಿಡು” ಎನ್ನುತ್ತಾರೆ. ತಾವೇನು ಹೇಳುತ್ತೀರಿ? – ಓದುಗ, ಪೆರ್ಲ

ಸಂಪಾದಕರ ಉತ್ತರ:

ಆತ್ಮೀಯರೇ,

ಬೇಸರಿಸಬೇಡಿ, ಮೊದಲು ನಿಮ್ಮ ದೊಡ್ಡಪ್ಪನ ಪರವಾಗಿಯೇ ಮಾತಾಡುತ್ತೇನೆ. ಕಡವಿನ ದೋಣಿ ನೋಡಿ ಬೆಳೆದವರಿಗೆ ಹುಟ್ಟು ಹಾಕುವುದೆಂದರೆ ಯಾರನ್ನಾದರೂ ಆಚೆ ದಡ ಮುಟ್ಟಿಸುವುದು. ಗೋಡೆಗೆ ಮುಖ ಮಾಡಿ ಸರಪಳಿ ಎಳೆಯುವವನನ್ನು ಕಂಡರೆ ಅವರಿಗೆ ನಗು ಬಾರದೆ ಇನ್ನೇನು? ಆದರೆ ನೆಲದ ಮೇಲೆ ಹುಟ್ಟು ಹಾಕುವ ಹುಚ್ಚು ನಿಮ್ಮಿಂದ ಶುರುವಾದದ್ದಲ್ಲ ಎಂದು ಅವರಿಗೆ ತಿಳಿಸಿ. ಕ್ರಿಸ್ತಪೂರ್ವ ನಾಲ್ಕನೇ ಶತಮಾನದಲ್ಲಿ ಅಥೆನ್ಸಿನ ನೌಕಾಪತಿ ಖಾಬ್ರಿಯಾಸ್ ಹೊಸ ಹುಟ್ಟುಗಾರರನ್ನು ಹಡಗು ಹತ್ತಿಸುವ ಮೊದಲು ದಡದಲ್ಲೇ ಮರದ ಚೌಕಟ್ಟುಗಳ ಮೇಲೆ ಕೂರಿಸಿ ಪಳಗಿಸುತ್ತಿದ್ದ. ಈಗ ಜಿಮ್ಮುಗಳಲ್ಲಿ ಕಾಣುವ ಗಾಳಿಚಕ್ರದ ಮಾದರಿಯನ್ನು ಅಮೆರಿಕದ ವರ್ಮಾಂಟ್‌ನಲ್ಲಿ ಡ್ರೈಸಿಗಾಕರ್ ಸಹೋದರರು 1981ರಲ್ಲಿ ಹೊರತಂದರು. ಅದರ ಹೊಟ್ಟೆಯಲ್ಲಿದ್ದದ್ದು ಒಂದು ಸೈಕಲ್ ಚಕ್ರ.

ಚಂದ್ರಗಿರಿಯನ್ನು ಆರಿಸಿಕೊಂಡದ್ದು ನನಗೆ ಬಹಳ ಹಿಡಿಸಿತು. ಕಾಸರಗೋಡಿನ ಕನ್ನಡಿಗರು ಈ ಹೊಳೆಯನ್ನು ಗಡಿಯೆಂದೇ ಕೇಳುತ್ತಾ ಬೆಳೆದವರು. ರಾಜ್ಯಗಳ ಗಡಿ ವಿವಾದವನ್ನು ಪರಿಶೀಲಿಸಿದ 1967ರ ಮಹಾಜನ ವರದಿಯೂ ಅದರ ಉತ್ತರ ದಡ, ದಕ್ಷಿಣ ದಡ ಎಂದೇ ಮಾತಾಡಿತು. ಅಡ್ಡಕ್ಕೆ ಅಳೆದದ್ದೇ ಆಯಿತು. ಕೊಡಗಿನ ಘಟ್ಟದಲ್ಲಿ ಹುಟ್ಟಿ, ಸುಳ್ಯದಲ್ಲಿ ಪಯಸ್ವಿನಿ ಎನಿಸಿಕೊಂಡು, ಕಾಸರಗೋಡಿನಲ್ಲಿ ಕಡಲು ಸೇರುವ ಅದರ ಉದ್ದವನ್ನು ಯಾರಾದರೂ ಮೈಯಿಂದ ಅಳೆಯಲಿ.

ಆದರೆ ಲೆಕ್ಕವನ್ನು ಕಾಗದದ ಮೇಲೆ ಒಮ್ಮೆ ಹಾಕಿ ನೋಡಿದ್ದೀರಾ? 500 ಮೀಟರಿಗೆ ಎರಡೂವರೆ ನಿಮಿಷದಂತೆ ಹೋದರೆ 105 ಕಿ.ಮೀ.ಗೆ 8 ಗಂಟೆ 45 ನಿಮಿಷ, ಅದೂ ನಡುವೆ ಒಮ್ಮೆಯೂ ಏಳದೆ. ನಿಮಿಷಕ್ಕೆ 20 ಎಳೆತವಾದರೆ ಒಟ್ಟು 10,500 ಎಳೆತ. ನನ್ನ ಅಳಿಯನೊಬ್ಬನ ಒತ್ತಾಯಕ್ಕೆ ನಾನೂ ಒಮ್ಮೆ ಕೂತಿದ್ದೆ. ಏಳು ನಿಮಿಷಕ್ಕೆ ಎದ್ದು, ಯಾರೋ ಫೋನ್ ಮಾಡಿದಂತೆ ನಟಿಸಿದೆ.

ನಾನು ಮಾಡಿದ ತಪ್ಪು ಎಲ್ಲ ಹೊಸಬರೂ ಮಾಡುವುದೇ. ಚಕ್ರದ ಬದಿಯಲ್ಲಿ ಒಂದರಿಂದ ಹತ್ತರವರೆಗಿನ ಹಿಡಿಕೆಯೊಂದಿದೆ. ಗಂಡಸುತನ ತೋರಿಸಲು ಅದನ್ನು ಹತ್ತಕ್ಕೆ ಏರಿಸುತ್ತೇವೆ. ಅದು ಸೈಕಲಿನ ಗೇರಿನಂತೆ. ಹತ್ತರಲ್ಲಿ ಎಳೆದವನ ಸೊಂಟ ಬೇಗ ಸೋಲುತ್ತದೆಯೇ ಹೊರತು ದೂರ ತಾನಾಗಿ ಬೆಳೆಯುವುದಿಲ್ಲ. ಮೂರರಿಂದ ಐದರ ನಡುವೆ ಇಟ್ಟುಕೊಳ್ಳಿ. ಮೊದಲು ಕಾಲು, ಆಮೇಲೆ ಬೆನ್ನು, ಕೊನೆಗೆ ಕೈ. ಹಿಂತಿರುಗುವಾಗ ಇದೇ ತಿರುವುಮುರುವು. ಹೆಚ್ಚಿನ ಕೆಲಸ ಕಾಲಿನದು, ಕೈ ಬರೀ ಕೊಕ್ಕೆ. ಮೊದಲ ಗಂಟೆಯ ಹುಮ್ಮಸ್ಸಿಗೆ ಮರುಳಾಗಬೇಡಿ. ಈ ಯಂತ್ರದಲ್ಲಿ ವೇಗ ಇಮ್ಮಡಿಸಲು ಎಂಟು ಪಟ್ಟು ಶಕ್ತಿ ಬೇಕು. ಎರಡೂವರೆ ನಿಮಿಷದ ಓಟವನ್ನು ಎರಡೂಕಾಲಕ್ಕೆ ಇಳಿಸಿದರೂ ಮೂರರಲ್ಲೊಂದು ಪಾಲಿಗಿಂತ ಹೆಚ್ಚಿನ ಶಕ್ತಿ ಖರ್ಚಾಗುತ್ತದೆ. ಆ ಸಾಲವನ್ನು ಸಂಜೆಯ ಹೊತ್ತಿಗೆ ಬಡ್ಡಿಸಮೇತ ತೀರಿಸಬೇಕು.

ಏಪ್ರಿಲ್, ಮೇ ಬೇಡವೇ ಬೇಡ. ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರು ಸುರಿಯುತ್ತದೆ, ಆರುವುದಿಲ್ಲ. ಆರದ ಬೆವರು ಮೈಯನ್ನು ತಂಪು ಮಾಡುವುದೂ ಇಲ್ಲ. ಡಿಸೆಂಬರ್ ಅಥವಾ ಜನವರಿಯ ನಸುಕಿನಲ್ಲಿ ಶುರು ಮಾಡಿ, ಎದುರಿಗೆ ಫ್ಯಾನ್ ಇರಲಿ. ಬೊಂಡದ ನೀರೊಂದೇ ಸಾಕೆಂದುಕೊಳ್ಳಬೇಡಿ, ಅದರಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ಇಳಿದು ಅಪಾಯ. ಉಪ್ಪು ಹಾಕಿದ ಮಜ್ಜಿಗೆ, ಕುಸುಲಕ್ಕಿ ಗಂಜಿಯ ತಿಳಿ, ಒಂದಿಷ್ಟು ಉಪ್ಪಿನಕಾಯಿ. ಇದಕ್ಕಿಂತ ದುಬಾರಿ ಪುಡಿಯೇನೂ ಬೇಕಿಲ್ಲ. ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲಿ. ಮೂತ್ರ ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗಿದರೆ ಎಷ್ಟೇ ಕಿಲೋಮೀಟರ್ ಆಗಿರಲಿ ಅಲ್ಲಿಗೆ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಸ್ನಾಯು ಕರಗಿ ಮೂತ್ರಪಿಂಡಕ್ಕೆ ಏಟು ಬೀಳುವ ಸೂಚನೆ ಅದು. ನಾಲ್ಕೈದು ತಿಂಗಳ ಅಭ್ಯಾಸವೂ ವೈದ್ಯರ ಒಪ್ಪಿಗೆಯೂ ಇಲ್ಲದೆ ಇದಕ್ಕೆ ಇಳಿಯುವುದಾದರೆ ನಾನು ದೊಡ್ಡಪ್ಪನ ಕಡೆ.

ಇನ್ನು ಹಣದ ವಿಚಾರ. ಪತ್ರದಲ್ಲಿ ನೀವು ಎರಡೇ ಸಾಲು ಬರೆದಿರುವುದು ಇದರ ಬಗ್ಗೆ. ನನಗೆ ನಿದ್ದೆ ಕೆಡಿಸಿದ್ದೂ ಇದೇ.

ಕಾಸರಗೋಡಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು 2000ಕ್ಕೆ ನಿಂತಿತು. ಸುಪ್ರೀಂ ಕೋರ್ಟ್ 2011ರಲ್ಲಿ ನಿಷೇಧಿಸಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದಿತು. ಐದು ವರ್ಷ ಕಳೆದ ಮೇಲೂ ಅದೇ ನ್ಯಾಯಾಲಯ ವಿಳಂಬಕ್ಕಾಗಿ ಕೇರಳ ಸರಕಾರವನ್ನು ತರಾಟೆಗೆ ತೆಗೆದುಕೊಳ್ಳಬೇಕಾಯಿತು. ಇಷ್ಟು ಕಾದ ಮನೆಗಳ ಹೆಸರಿನಲ್ಲಿ ಕೈಚಾಚುವಾಗ ಒಂದು ರೂಪಾಯಿಯೂ ಅಡ್ಡದಾರಿ ಹಿಡಿಯಕೂಡದು. ಹಾಗಾಗಿ ನಿಮ್ಮ ಸ್ವಂತ ಖಾತೆಯ ಕ್ಯೂಆರ್ ಕೋಡನ್ನು ಹಂಚಬೇಡಿ. ನೋಂದಾಯಿತ ಟ್ರಸ್ಟೊಂದನ್ನು ಒಪ್ಪಿಸಿ, ಹಣ ನೇರವಾಗಿ ಅದರ ಖಾತೆಗೇ ಬೀಳಲಿ. ದೇಣಿಗೆಗೆ ಸಿಗುವ ಆದಾಯ ತೆರಿಗೆ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ, ನಗದಾಗಿ ಎರಡು ಸಾವಿರಕ್ಕಿಂತ ಹೆಚ್ಚು ಕೊಟ್ಟರೆ ಅದೂ ಇಲ್ಲ ಎಂದು ಮೊದಲೇ ಹೇಳಿಬಿಡಿ. ಗಲ್ಫಿನ ನಿಮ್ಮ ಗೆಳೆಯರು ಭಾರತೀಯ ಪ್ರಜೆಗಳಾಗಿದ್ದು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಅವರ ಅರಬಿ ಮಾಲೀಕರು ಉದಾರಿಯಾಗಿ ನೂರು ದಿರ್ಹಮ್ ಸೇರಿಸಿದರೆ ಮಾತ್ರ ಕಾನೂನೇ ಬೇರೆ. ವಿದೇಶಿ ದೇಣಿಗೆಯ ನೋಂದಣಿ ಇಲ್ಲದ ಸಂಸ್ಥೆ ಅದನ್ನು ಮುಟ್ಟುವಂತಿಲ್ಲ. ಯಂತ್ರದ ಬಾಡಿಗೆ, ಬ್ಯಾನರು, ಬಂದವರ ಚಹಾ ಎಲ್ಲ ನಿಮ್ಮ ಕಿಸೆಯಿಂದಲೇ ಆಗಲಿ. ದೊಡ್ಡಪ್ಪನ ಬಾಡಿಗೆಯ ಮಾತಿಗೆ ಅದೇ ಉತ್ತರ.

ಯಾರಿಗೆ ಏನು ಬೇಕೆಂದು ಕೇಳಿದಿರಾ? ‘ಮಕ್ಕಳು’ ಎಂದು ನಾವೀಗಲೂ ಕರೆಯುವ ಅನೇಕರಿಗೆ ಮೂವತ್ತು, ನಲವತ್ತು ದಾಟಿದೆ. ಅವರನ್ನು ಮಂಚದಿಂದ ಎತ್ತಿ ಬಚ್ಚಲಿಗೆ ಒಯ್ಯುವ ತಾಯಂದಿರಿಗೆ ಅರವತ್ತು. ಬೌದ್ಧಿಕ ಅಂಗವೈಕಲ್ಯವುಳ್ಳವರಿಗಾಗಿ ಇರುವ ಬಡ್ಸ್ ಶಾಲೆಯ ಶಿಕ್ಷಕಿಯರನ್ನೂ ಆ ತಾಯಂದಿರನ್ನೂ ಮೊದಲು ಕಂಡು ಬನ್ನಿ. ಗಾಲಿಕುರ್ಚಿ ಬೇಕೆಂದು ನೀವು ಊಹಿಸಿರಬಹುದು. ಅವರು ಡಯಾಪರ್ ಎನ್ನಬಹುದು, ವಾಹನಕ್ಕೆ ಡೀಸೆಲ್ ಎನ್ನಬಹುದು. ಇನ್ನೊಂದು ಮಾತನ್ನು ಕೋರಿಕೆಯೆಂದಲ್ಲ, ಷರತ್ತೆಂದೇ ತಿಳಿಯಿರಿ: ಪೋಸ್ಟರಿನಲ್ಲಿ ಅವರ ಫೋಟೋ ಬೇಡ. ನಮ್ಮ ಪತ್ರಿಕೆಯವರೂ ಸೇರಿ ಕ್ಯಾಮರಾ ಹಿಡಿದವರೆಲ್ಲ ಆ ಅಂಗಳಗಳಲ್ಲಿ ಬೇಕಾದಷ್ಟು ತುಳಿದಾಡಿದ್ದೇವೆ. ನಿಮ್ಮ ಬೊಬ್ಬೆಯೆದ್ದ ಅಂಗೈಯ ಫೋಟೋವೂ ಬೇಡ. ಆ ತಾಯಂದಿರ ಎದುರು ಅದು ಚೆನ್ನಾಗಿ ಕಾಣದು. ಚಂದ್ರಗಿರಿಯ ನಕ್ಷೆಯೊಂದನ್ನು ಗೋಡೆಗೆ ಅಂಟಿಸಿ, ಐದು ಕಿಲೋಮೀಟರಿಗೊಮ್ಮೆ ಗುರುತು ಹಾಕುತ್ತಾ ಹೋಗಿ. ಸುಳ್ಯ ದಾಟಿತೆಂದರೆ ಜನ ತಾವಾಗಿ ಚಪ್ಪಾಳೆ ತಟ್ಟುತ್ತಾರೆ.

ಗುರುತು ಹಾಕುವ ಕೆಲಸವನ್ನು ದೊಡ್ಡಪ್ಪನಿಗೇ ವಹಿಸಿ. ಯಂತ್ರದ ಪರದೆ ಮೀಟರ್ ಮೀಟರನ್ನೂ ಎಣಿಸುತ್ತದೆ, ಅವರು ಅದನ್ನು ಒಂದು ಪುಸ್ತಕದಲ್ಲಿ ಬರೆಯಲಿ. ಪಕ್ಕದ ಪುಟದಲ್ಲಿ ಬಂದ ಹಣ, ಹೋದ ಹಣ. ಒಂದು ತಿಂಗಳೊಳಗೆ ಆ ಎರಡೂ ಪುಟಗಳನ್ನು ನನಗೆ ಕಳಿಸಿಕೊಡಿ, ಹಾಗೆಯೇ ಅಚ್ಚು ಹಾಕುತ್ತೇವೆ. ಎಂಬತ್ತು ಕಿಲೋಮೀಟರಿಗೇ ಸೊಂಟ ಬಿದ್ದುಹೋದರೆ ಎಂಬತ್ತೆಂದೇ ಬರೆಯಿರಿ.

ನನ್ನ ಹೆಸರಿಗೆ ಕಿಲೋಮೀಟರಿಗೆ ಹತ್ತು ರೂಪಾಯಿ ಹಿಡಿದುಕೊಳ್ಳಿ. ಹೊಳೆ ಪೂರ್ತಿಯಾದರೆ 1,050. ದಿನ ಗೊತ್ತಾದ ಕೂಡಲೇ ತಿಳಿಸಿ. ನಕ್ಷೆಯಲ್ಲಿ ಹೊಳೆ ಕಡಲು ಸೇರುವ ಹೊತ್ತಿಗೆ, ಮಜ್ಜಿಗೆಯ ತಂಬಿಗೆ ಹಿಡಿದು, ದೊಡ್ಡಪ್ಪನ ಪಕ್ಕದ ಕುರ್ಚಿಯಲ್ಲಿ ನಾನಿರುತ್ತೇನೆ.

– ಸಂಪಾದಕ