ಒಂದೇ ಕೆರೆಯಲ್ಲಿ ಮೂರು ಮಿಂಚುಳ್ಳಿ ಹೇಗೆ ಬದುಕುತ್ತವೆ?

ಪ್ರಶ್ನೆ: ನಮ್ಮದು ಮಂಡ್ಯ ಜಿಲ್ಲೆಯ ಒಂದು ಹಳ್ಳಿ. ಊರ ಕೆರೆಯಲ್ಲಿ ಮೂರು ತರಹದ ಮಿಂಚುಳ್ಳಿ ಇವೆ. ಗುಬ್ಬಿ ಗಾತ್ರದ ನೀಲಿಯದು, ಮೈಯೆಲ್ಲ ಕಪ್ಪು-ಬಿಳಿ ಇರುವುದು, ಕಂದು ತಲೆ ಮತ್ತು ಬಿಳಿ ಎದೆಯದು. ಒಂದೇ ರೀತಿ ಬದುಕುವ ಎರಡು ಜೀವಿಗಳು ಒಂದೇ ಕಡೆ ಉಳಿಯುವುದಿಲ್ಲ ಎಂದು ಮಗಳ ಪಠ್ಯಪುಸ್ತಕದಲ್ಲಿದೆ. ಹಾಗಿದ್ದರೆ ಈ ಮೂರೂ ಹೇಗೆ ಉಳಿದಿವೆ? ಈಗ ಕೆರೆ ದಡಕ್ಕೆಲ್ಲ ಕಲ್ಲು ಕಟ್ಟುತ್ತಿದ್ದಾರೆ. ಹಕ್ಕಿಗಳಿಗೆ ತೊಂದರೆ ಆಗುತ್ತದೆಯೇ?

ಉತ್ತರ: ಪುಸ್ತಕದಲ್ಲಿ ಇರುವುದು ಸರಿ. ರಷ್ಯಾದ ವಿಜ್ಞಾನಿ ಗಾಸ್ 1934ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಬಂದ ಮಾತು ಅದು. ನೀರಿನಲ್ಲಿ ಬದುಕುವ, ಒಂದೇ ಜೀವಕೋಶದ ಸೂಕ್ಷ್ಮಜೀವಿ ಪ್ಯಾರಮೀಸಿಯಂ. ಅದರ ಎರಡು ಜಾತಿಗಳನ್ನು ಒಟ್ಟಿಗೆ ಬಿಟ್ಟು ಒಂದೇ ಆಹಾರ ಕೊಟ್ಟಾಗ ಒಂದು ಜಾತಿ ಪೂರ್ತಿ ಅಳಿಯಿತು. ಆದರೆ ಜೋಡಿಯಲ್ಲಿ ಒಂದರ ಬದಲು ಬೇರೊಂದು ಜಾತಿಯನ್ನು ಇಟ್ಟಾಗ ಎರಡೂ ಉಳಿದವು. ಒಂದು ಮೇಲಿನ ನೀರಿನಲ್ಲಿ ಮೇಯುತ್ತಿತ್ತು, ಇನ್ನೊಂದು ತಳದಲ್ಲಿ.

ನಿಮ್ಮ ಕೆರೆಯಲ್ಲೂ ಹೀಗೇ. ಮೂರಕ್ಕೂ ನೆಲೆ ಅದೇ ಕೆರೆ, ಆದರೆ ಬದುಕುವ ಬಗೆ ಬೇರೆ ಬೇರೆ. ವಿಜ್ಞಾನದಲ್ಲಿ ಈ ಬದುಕುವ ಬಗೆಗೆ ನಿಷ್ ಎನ್ನುತ್ತಾರೆ.

ಸಣ್ಣ ನೀಲಿ ಮಿಂಚುಳ್ಳಿಗೆ ದಡ ಬೇಕು. ನೀರಿನ ಮೇಲೆ ಬಾಗಿದ ಕೊಂಬೆಯೋ ಜೊಂಡಿನ ಕಡ್ಡಿಯೋ ಸಿಕ್ಕರೆ ಅಲ್ಲೇ ಕೂತು ನೋಡುತ್ತದೆ. ಕೆಳಗೆ ಆಳವಿಲ್ಲದ ನೀರಿನಲ್ಲಿ ಓಡಾಡುವ ಪುಟ್ಟ ಮೀನು ಕಂಡರೆ ಧುಮುಕುತ್ತದೆ. ಕೆರೆಯ ನಡುಭಾಗ ಅದಕ್ಕೆ ಹೆಚ್ಚು ಪ್ರಯೋಜನವಿಲ್ಲ, ಕೂರಲು ಜಾಗವೇ ಇಲ್ಲವಲ್ಲ.

ಕಪ್ಪು-ಬಿಳಿ ಮಿಂಚುಳ್ಳಿಗೆ ಆ ಕಟ್ಟುಪಾಡಿಲ್ಲ. ರೆಕ್ಕೆ ಬಡಿಯುತ್ತಾ ಗಾಳಿಯಲ್ಲೇ ನಿಲ್ಲುತ್ತದೆ, ನೇರ ಕೆಳಕ್ಕೆ ಬೀಳುತ್ತದೆ. ಚಿಕ್ಕ ಮೀನಾದರೆ ಹಾರುತ್ತಲೇ ನುಂಗಿಬಿಡುತ್ತದೆ. ಹಾಗಾಗಿ ದಡದಿಂದ ದೂರದ ಬಯಲು ನೀರು ಅದರ ಪಾಲಿಗೆ ಬಂದಿದೆ. ಈ ಬೇಟೆಯನ್ನು ಬೆಳಿಗ್ಗೆ ಏರಿ ಮೇಲೆ ನಿಂತು ಮಗಳಿಗೆ ತೋರಿಸಿ. ಪಾಠ ಅಲ್ಲೇ ಅರ್ಥವಾಗುತ್ತದೆ.

ಬಿಳಿ ಎದೆಯದಂತೂ ಮೀನನ್ನೇ ನಂಬಿಕೊಂಡಿಲ್ಲ. ಮಿಡತೆ, ಓತಿಕ್ಯಾತ, ಕಪ್ಪೆ, ಏಡಿ, ಇಲಿಮರಿ ಎಲ್ಲವೂ ಆಗುತ್ತದೆ. ಕೆರೆಯಿಂದ ಬಲು ದೂರ, ಗದ್ದೆ ಬದುವಿನ ಕರೆಂಟ್ ತಂತಿ ಮೇಲೂ ಅದನ್ನು ನೀವು ನೋಡಿರುತ್ತೀರಿ, ಅಲ್ವಾ? ಬೆಂಗಳೂರಿನ ತೋಟ, ಉದ್ಯಾನಗಳಲ್ಲೂ ಇದೆ. ಕೆರೆಯ ನೀರು ಕೆಟ್ಟು ಮೀನು ಸತ್ತರೂ ಇದು ಹೇಗೋ ಹೊಟ್ಟೆ ಹೊರೆಯುತ್ತದೆ. ಆದ್ದರಿಂದ ಇದೊಂದು ಕಂಡಿತೆಂದು ಕೆರೆ ಚೆನ್ನಾಗಿದೆ ಎಂದುಕೊಳ್ಳಬೇಡಿ. ಉಳಿದೆರಡು ಇವೆಯಾ ನೋಡಿ. ಅವಕ್ಕೆ ಮೀನು ಬೇಕು, ಮೀನು ಕಾಣುವಂಥ ನೀರು ಬೇಕು. ಕೆರೆ ತುಂಬ ಅಂತರಗಂಗೆ ಹಬ್ಬಿದರೂ ಅವಕ್ಕೆ ಕಷ್ಟ.

ಹಾಗಂತ ಜಗಳವೇ ಇಲ್ಲ ಅಂತಲ್ಲ. ಸಣ್ಣ ಮಿಂಚುಳ್ಳಿ ಅದರ ಜಾತಿಯ ಇನ್ನೊಂದನ್ನು ತನ್ನ ಗಡಿಯೊಳಗೆ ಬಿಟ್ಟುಕೊಳ್ಳುವುದಿಲ್ಲ, ಅಟ್ಟಿಸಿಕೊಂಡು ಹೋಗುತ್ತದೆ. ಅದೇ ಊಟ, ಅದೇ ಕೊಂಬೆ ಬೇಕಾಗಿರುವುದು ಸ್ವಜಾತಿಗೇ ತಾನೆ.

ಇನ್ನು ಕಲ್ಲು ಕಟ್ಟುವ ವಿಷಯ. ನನಗೆ ನಿಜವಾಗಿ ಚಿಂತೆ ಇರುವುದು ಇಲ್ಲೇ. ಊಟದಲ್ಲಿ ಬೇರೆ ಬೇರೆಯಾದ ಈ ಮೂರಕ್ಕೂ ಗೂಡಿನ ವಿಷಯದಲ್ಲಿ ಬೇಕಾಗಿರುವುದು ಒಂದೇ: ಕಡಿದಾದ ಮಣ್ಣಿನ ದಡ. ಮೂರೂ ಕೊಕ್ಕಿನಿಂದ ಮಣ್ಣು ಕೊರೆದು, ಕಾಲಿನಿಂದ ಹೊರತಳ್ಳಿ, ಸುರಂಗ ತೋಡಿ ಅದರ ಕೊನೆಯಲ್ಲಿ ಮೊಟ್ಟೆ ಇಡುತ್ತವೆ. ದಡವನ್ನೆಲ್ಲ ಕಲ್ಲು, ಸಿಮೆಂಟಿನಿಂದ ಮುಚ್ಚಿದರೆ ಕೆರೆಯಲ್ಲಿ ಎಷ್ಟೇ ಮೀನಿದ್ದರೂ ಅಲ್ಲಿ ಮರಿ ಆಗುವುದಿಲ್ಲ.

ಏರಿ ಗಟ್ಟಿಯಾಗಿರಲೇಬೇಕು, ಅದಕ್ಕೆ ಕಲ್ಲು ಬೇಡ ಎಂದು ನಾನು ಹೇಳುವುದಿಲ್ಲ. ಆದರೆ ಕೆರೆಗೆ ನೀರು ಬರುವ ಹಳ್ಳದ ಕಡೆ ದಡಕ್ಕೂ ಕಲ್ಲು ಏಕೆ? ಅಲ್ಲಿ ಕಡಿದಾದ ಮಣ್ಣಿನ ದಡ ಒಂದಿಷ್ಟು ಹಾಗೇ ಇರಲಿ ಎಂದು ಪಂಚಾಯಿತಿಯಲ್ಲಿ ಕೇಳಿ. ಬೇಸಿಗೆಯಿಂದ ಮುಂಗಾರು ಶುರುವಾಗುವವರೆಗೆ ಅಲ್ಲಿ ಮಣ್ಣು ತೆಗೆಯದಿದ್ದರೆ ಒಳ್ಳೆಯದು, ಗೂಡಿನ ಕೆಲಸ ಜಾಸ್ತಿ ನಡೆಯುವುದು ಆಗಲೇ. ಕೆಲಸ ಶುರುವಾಗುವ ಮೊದಲು ದಡ ಒಮ್ಮೆ ನೋಡಿ ಬನ್ನಿ. ತೂತಿನ ಕೆಳಗೆ ಬಿಳಿ ಹಿಕ್ಕೆಯ ಗೆರೆ ಇಳಿದಿದ್ದರೆ, ಹತ್ತಿರ ಮೀನಿನ ವಾಸನೆ ಬಂದರೆ ಒಳಗೆ ಮರಿಗಳಿರಬಹುದು. ಕೈ ಹಾಕಬೇಡಿ. ದೂರದಲ್ಲಿ ಕೂತು ಕಾದರೆ ದೊಡ್ಡ ಹಕ್ಕಿ ಊಟ ತರುವುದು ಕಾಣುತ್ತದೆ. ಮರಿ ಹಾರಿಹೋಗುವವರೆಗೆ ಅಷ್ಟು ಭಾಗದ ಕೆಲಸ ನಿಲ್ಲಿಸುವಂತೆ ಗುತ್ತಿಗೆದಾರರಿಗೆ ಹೇಳಿ.